ಕಿವಿ ಸೋರೋದು ನಿಂತ್ರೆ ಸಾಲದು, ಎಷ್ಟು ಕೇಳ್ಸತ್ತೆ ಅಂತ್ಲೂ ನೋಡ್ಕೊಳ್ಳಿ

ನನಗೆ ಆರೇಳು ವರ್ಷದವನಿದ್ದಾಗಿಂದ್ಲೂ ಎಡಗಿವಿ ಸೋರ್ತಿತ್ತು. ನೆಗಡಿ ಬಂದ್ರೆ ಸೋರೋದು, ಬಾವೀಲಿ ಈಜು ಹೊಡೆದು ಬಂದ್ರೆ ಸೋರೋದು, ಮೆಡಿಕಲ್ ಶಾಪಿಂದ ಡ್ರಾಪ್ಸ್ ತಂದು ಒಂದ್ವಾರ ಹಾಕಿದ್ರೆ ನಿಲ್ಲೋದು. ಮನೇಲಿ ಯಾರೂ ಅದನ್ನ ಕಾಯಿಲೆ ಅಂತ ಲೆಕ್ಕಕ್ಕೇ ಇಟ್ಟಿರ್ಲಿಲ್ಲ, ಒಬ್ಬೊಬ್ರು ಎಡಗೈಲಿ ಬರೀತಾರಲ್ಲ, ಇವನಿಗೆ ಕಿವಿ ಸೋರತ್ತೆ, ಅಷ್ಟೇ. ಮೂವತ್ತೊಂದನೇ ವಯಸ್ಸಲ್ಲಿ ಒಂದಿನ ಬಲಗೈಲಿ ತರಕಾರಿ ಬ್ಯಾಗ್ ಇತ್ತು, ಫೋನ್ ಬಂತು, ಎಡಗೈಲಿ ತೆಗೆದು ಎಡಗಿವಿಗೆ ಇಟ್ಕೊಂಡೆ. ಹಲೋ ಹಲೋ ಅಂದ್ರೆ ಆ ಕಡೆಯಿಂದ ಉಸಿರಿಲ್ಲ. ಕಟ್ ಮಾಡ್ದೆ, ಮತ್ತೆ ಬಂತು, ಮತ್ತೆ ಕಟ್ ಮಾಡ್ದೆ, ನೆಟ್ವರ್ಕ್ ಸರಿಯಿಲ್ಲ ಅಂತ ಬೈಕೊಂಡೆ. ನಾಲ್ಕನೇ ಸಲ ಬ್ಯಾಗ್ ಕೆಳಗಿಟ್ಟು ಬಲಗಿವಿಗೆ ಇಟ್ಟಾಗ ಅಣ್ಣ, "ಆಗ್ಲಿಂದ ಬಡ್ಕೊಳ್ತಿದೀನಲ್ಲೋ, ಕಿವುಡಾ ನೀನು?" ಅಂದ.

ಹೌದಣ್ಣ ಅನ್ನೋ ಹಾಗಾಯ್ತು. ಇಪ್ಪತ್ನಾಲ್ಕು ವರ್ಷ ನಾನು ಕೀವು ಬಂತಾ ಇಲ್ವಾ ಅಂತ ನೋಡ್ಕೊಂಡಿದ್ದೆ, ಕೇಳ್ಸತ್ತಾ ಇಲ್ವಾ ಅಂತ ಒಂದಿನಾನೂ ನೋಡ್ಲಿಲ್ಲ. ಒಂದು ಕಿವಿ ಚೆನ್ನಾಗಿದ್ರೆ ಇನ್ನೊಂದು ಹೋಗ್ತಿರೋದು ಗೊತ್ತೇ ಆಗಲ್ಲ, ನೋವೂ ಇರಲ್ಲ. ನಾನು ಡಾಕ್ಟರಲ್ಲ, ಆದ್ರೆ ಆಪರೇಷನ್ ವರೆಗೂ ಹೋಗಿ ಬಂದಿರೋನು, ಹಾಗಾಗಿ ಯಾವ್ದು ಮೊದ್ಲು ಯಾವ್ದು ಆಮೇಲೆ ಅಂತ ಬರೀತಿದೀನಿ, ನಿಮ್ಮ ಮನೇಲಿ ಕಿವಿ ಸೋರೋ ಮಗುನೋ ಅತ್ತೆನೋ ಇದ್ರೆ ಉಪಯೋಗ ಆಗ್ಬಹುದು.

ಮೊದ್ಲನೇದು: ಒಳಗೆ ಏನಾಗಿರತ್ತೆ ಅಂತ ತಿಳ್ಕೊಳ್ಳಿ

ಕಿವಿ ತಮಟೆ ಅಂದ್ರೆ ಒಂದು ಸೆಂಟಿಮೀಟರಿಗಿಂತ ಸ್ವಲ್ಪ ಕಮ್ಮಿ ಅಗಲದ ತೆಳು ಪೊರೆ. ಅದರ ಹಿಂದೆ ಮೂರು ಪುಟ್ಟ ಮೂಳೆ, ಸ್ಕೂಲಲ್ಲಿ ಓದಿದ್ದು ನೆನಪಿರ್ಬೇಕು, ಸುತ್ತಿಗೆ, ಅಡಿಗಲ್ಲು, ರಿಕಾಪು. ಶಬ್ದ ತಮಟೆಗೆ ಬಡಿದು ಈ ಮೂರರ ಮೇಲೆ ಹಾದು ಶಂಖದ ಆಕಾರದ ಒಳಕಿವಿಗೆ ಹೋಗತ್ತೆ. ಮಧ್ಯಕಿವಿ ಸೋಂಕು ಮತ್ತೆ ಮತ್ತೆ ಬಂದಾಗ ತಮಟೇಲಿ ತೂತು ಬಿದ್ದು ಅದು ಮುಚ್ಚಿಕೊಳ್ಳದೇ ಉಳಿಯತ್ತೆ, ಅಲ್ಲಿಂದ ಕೀವು ಸೋರತ್ತೆ.

ಕೇಳೋದು ಕಮ್ಮಿ ಆಗೋದಕ್ಕೆ ಮೂರು ದಾರಿ ಇದೆ. ಬರೀ ತೂತು ಇದ್ರೆ ಸಾಮಾನ್ಯವಾಗಿ 10ರಿಂದ 40 ಡೆಸಿಬಲ್ (ಶಬ್ದದ ಜೋರು ಅಳೆಯೋ ಮಾನ) ಅಷ್ಟು ಕೇಳೋದು ಹೋಗತ್ತೆ, ತೂತು ದೊಡ್ಡದಾದಷ್ಟೂ ಜಾಸ್ತಿ. ಎರಡನೇದು ಮೂಳೆ ಸವೆಯೋದು. ಮೂರರಲ್ಲಿ ಅಡಿಗಲ್ಲಿನ ಉದ್ದ ಕಡ್ಡಿ ಮೊದ್ಲು ಹೋಗೋದು, ಯಾಕಂದ್ರೆ ಅಲ್ಲಿಗೆ ರಕ್ತ ಹೋಗೋದೇ ಕಮ್ಮಿ. ಸರಪಳಿ ತುಂಡಾದ್ರೆ 50, 60 ಡೆಸಿಬಲ್ ತನಕ ಇಳೀಬಹುದು. ಇವೆರಡೂ ಶಬ್ದ ಸಾಗಿಸೋ ದಾರಿ ಕೆಟ್ಟಿರೋದು, ರಿಪೇರಿ ಮಾಡೋ ಅವಕಾಶ ಇರತ್ತೆ. ಮೂರನೇದೇ ಕಷ್ಟ. ವರ್ಷಗಟ್ಲೆ ಕೀವು ಇದ್ರೆ ಅದರ ವಿಷ ಒಳಕಿವಿಯ ಕಿಟಕಿ ಪೊರೆ ದಾಟಿ ನಿಧಾನವಾಗಿ ನರದ ಭಾಗವನ್ನೇ ತಿನ್ನತ್ತೆ. ಹೋಗೋದು ಮೊದ್ಲು ಮೇಲಿನ ಸ್ವರಗಳು, ಹಕ್ಕಿ ಕೂಗು, ಮಾತಲ್ಲಿ ಸ, ಶ ಥರದ ಅಕ್ಷರ. ಹಾಗಾಗಿ ಇಂಥವರು "ಶಬ್ದ ಬರತ್ತೆ, ಮಾತು ಅರ್ಥ ಆಗಲ್ಲ" ಅಂತಾರೆ. ಅಲ್ಲಿ ಹೋಗಿದ್ದು ವಾಪಸ್ ಬರಲ್ಲ.

ಇಲ್ಲೊಂದು ವಿಚಿತ್ರ ಇದೆ. ಕೆಲವ್ರಿಗೆ ಕಿವಿ ಸೋರ್ತಿದ್ದಾಗ ಚೆನ್ನಾಗಿ ಕೇಳ್ಸತ್ತೆ, ಒಣಗಿದ ಮೇಲೆ ಕಮ್ಮಿ ಆಗತ್ತೆ. ನನಗೂ ಹಾಗೇ ಆಗ್ತಿತ್ತು, ಡ್ರಾಪ್ಸ್ ಹಾಕಿ ಕಿವಿ ಹಾಳಾಯ್ತು ಅಂತ ಅಮ್ಮ ಮೆಡಿಕಲ್ ಶಾಪಿನವನನ್ನ ಬೈತಿದ್ರು. ಒಳಕಿವಿಗೆ ಎರಡು ಕಿಟಕಿ, ಶಬ್ದ ಎರಡಕ್ಕೂ ಒಂದೇ ಸಲ ಬಡಿದ್ರೆ ಒಂದನ್ನೊಂದು ಕಳೆದು ಬಿಡತ್ತೆ. ತಮಟೆ ಸರಿ ಇದ್ರೆ ಅದೇ ಒಂದು ಕಿಟಕಿಗೆ ಮರೆ. ತೂತಾದ ಮೇಲೆ ಆ ಮರೆ ಇಲ್ಲ, ಕೀವು ಬಂದಾಗ ಕೀವೇ ಮರೆ ಆಗತ್ತೆ. ಹೀಗಾಗಿ ಕೀವನ್ನ ನೋಡಿ ಕಿವಿ ಹೇಗಿದೆ ಅಂತ ಅಂದಾಜು ಮಾಡಕ್ಕೇ ಆಗಲ್ಲ, ಎರಡು ಲೆಕ್ಕಾನೂ ಬೇರೆ ಬೇರೆ ಇಟ್ಕೋಬೇಕು.

ಇವು ಕಂಡ್ರೆ ಮುಂದಿಂದು ಓದ್ತಾ ಕೂರ್ಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ

ಸೋರೋ ಕಿವಿ ಇರೋರಿಗೆ ಮುಖ ಒಂದು ಕಡೆ ವಾಲೋದು, ಕಣ್ಣು ಮುಚ್ಚಕ್ಕಾಗದೇ ಇರೋದು, ತಲೆ ಗಿರ್ರ್ ಅಂತ ಸುತ್ತೋದು, ಕಿವಿ ಹಿಂದೆ ಊದಿಕೊಂಡು ಕಿವಿಯೇ ಮುಂದಕ್ಕೆ ತಳ್ಳಿದಂಗೆ ಕಾಣೋದು, ಜ್ವರದ ಜೊತೆ ವಿಪರೀತ ತಲೆನೋವು ವಾಂತಿ ಕತ್ತು ಬಿಗಿಯೋದು, ಕೇಳ್ತಿದ್ದಿದ್ದು ಇದ್ದಕ್ಕಿದ್ದಂಗೆ ಪೂರ್ತಿ ನಿಂತೋಗೋದು. ಹಳೇ ಸೋರುಗಿವಿಗೆ ಸಾಮಾನ್ಯವಾಗಿ ನೋವಿರಲ್ಲ, ನೋವು ಶುರುವಾದ್ರೆ ಅದೇ ಒಂದು ಎಚ್ಚರಿಕೆ.

ಇನ್ನೊಂದು, ವಾಸನೆ. ಲೋಳೆ ಲೋಳೆಯಾಗಿ ಜಾಸ್ತಿ ಬರೋ ವಾಸನೆ ಇಲ್ಲದ ಕೀವಿಗಿಂತ, ಸ್ವಲ್ಪೇ ಬಂದು ಪಕ್ಕದಲ್ಲಿ ಕೂತೋರು ಮೂಗು ಮುಚ್ಕೊಳ್ಳೋ ಹಾಗೆ ನಾರೋದು ಅಪಾಯ. ಕೊಲೆಸ್ಟಿಯಟೋಮಾ ಅಂತಾರೆ, ಹೆಸರು ಕೇಳಿ ಕ್ಯಾನ್ಸರ್ ಅಂದ್ಕೋಬೇಡಿ, ಅಲ್ಲ. ಚರ್ಮ ಇರಬಾರದ ಜಾಗದಲ್ಲಿ, ತಮಟೆ ಒಳಗಡೆ, ಚೀಲ ಥರ ಬೆಳೆದು ಸುತ್ತಲಿನ ಮೂಳೆ ತಿನ್ಕೊಂಡು ಹೋಗತ್ತೆ. ಮಾತ್ರೆ ಡ್ರಾಪ್ಸಿಗೆ ಹೋಗಲ್ಲ, ಆಪರೇಷನ್ನೇ ಆಗ್ಬೇಕು. ಕೆಲವ್ರಲ್ಲಿ ಮೂಳೆ ಸವೆದು ಬಿದ್ದ ಜಾಗಕ್ಕೆ ಈ ಚೀಲವೇ ಸೇತುವೆ ಥರ ಕೂತು ಶಬ್ದ ದಾಟಿಸ್ತಿರತ್ತೆ, ಕಿವಿ ಚೆನ್ನಾಗೇ ಕೇಳ್ಸತ್ತೆ, ಒಳಗೆ ಮನೆ ಹಾಳು! ಅದಕ್ಕೇ "ಕೇಳ್ಸತ್ತಲ್ಲ, ಆಪರೇಷನ್ ಯಾಕೆ" ಅನ್ನೋ ವಾದ ಇಲ್ಲಿ ನಡಿಯಲ್ಲ.

ಎರಡನೇದು: ಮನೇಲಿ ಒಂದು ಅಂದಾಜು

ಎರಡು ನಿಮಿಷದ ಕೆಲಸ. ಫೋನ್ ಒಂದ್ಸಲ ಆ ಕಿವಿಗೆ ಒಂದ್ಸಲ ಈ ಕಿವಿಗೆ ಇಟ್ಟು ನೋಡಿ. ಕಿವಿ ಪಕ್ಕ ಬೆರಳು ಉಜ್ಜಿ ನೋಡಿ. ಆಮೇಲೆ ಬಾಯಿ ಮುಚ್ಕೊಂಡು ಹ್ಮ್ಮ್ ಅಂತ ಗುನುಗಿ, ಯಾವ ಕಡೆ ಜೋರಾಗಿ ಕೇಳ್ಸತ್ತೆ ಅಂತ ಗಮನಿಸಿ. ಚೆನ್ನಾಗಿರೋ ಕಿವಿಯೋರು ಒಂದು ಕಿವಿಗೆ ಬೆರಳಿಟ್ಟು ಗುನುಗಿದ್ರೆ ಮುಚ್ಚಿದ ಕಡೆಗೇ ಶಬ್ದ ಹೋಗೋದು ಗೊತ್ತಾಗತ್ತೆ. ಅದೇ ಲೆಕ್ಕ: ಸೋರೋ ಕಿವಿ ಕಡೆಗೇ ಗುನುಗು ಜೋರಾಗಿದ್ರೆ ದಾರಿ ಕೆಟ್ಟಿರೋ ಸಾಧ್ಯತೆ, ಚೆನ್ನಾಗಿರೋ ಕಡೆಗೆ ಹೋದ್ರೆ ಒಳಕಿವಿಗೂ ಪೆಟ್ಟು ಬಿದ್ದಿರಬಹುದು. ಡಾಕ್ಟ್ರು 512 ಹರ್ಟ್ಝ್ ಟ್ಯೂನಿಂಗ್ ಫೋರ್ಕನ್ನ ಹಣೆ ಮೇಲಿಟ್ಟು "ಎಲ್ಲಿ ಕೇಳ್ಸತ್ತೆ" ಅಂತ ಕೇಳೋದೂ ಇದನ್ನೇ. ಎರಡೂ ಕಿವಿ ಸೋರೋರಿಗೆ ಈ ಆಟ ಕೆಲಸ ಮಾಡಲ್ಲ.

ಮಕ್ಕಳು ಹೇಳಲ್ಲ, ಅವ್ರಿಗೆ ಗೊತ್ತೂ ಇರಲ್ಲ. ಟಿವಿ ಸೌಂಡ್ ಜಾಸ್ತಿ ಇಡೋದು, "ಆಂ?" ಅನ್ನೋದು, ಡಿಕ್ಟೇಷನ್ನಲ್ಲಿ ತಪ್ಪು, ಹಿಂದಿನಿಂದ ಕರೆದ್ರೆ ತಿರುಗದೇ ಇರೋದು. "ಮಾತು ಕೇಳಲ್ಲ" ಅಂತ ಏಟು ತಿನ್ನೋ ಮಕ್ಕಳಲ್ಲಿ ಎಷ್ಟು ಜನಕ್ಕೆ ನಿಜಕ್ಕೂ ಕೇಳ್ತಿರಲ್ವೋ. ಅಂಗನವಾಡಿ, ಸರ್ಕಾರಿ ಶಾಲೆಗೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಟೀಮ್ ಬಂದಾಗ ಕಿವಿ ಸೋರೋದೂ ಕೇಳ್ಸದೇ ಇರೋದೂ ಅವರ ಪಟ್ಟೀಲೇ ಇರತ್ತೆ, ಬಾಯಿಬಿಟ್ಟು ಹೇಳಿ.

ಮೂರನೇದು: ಆಡಿಯೋಗ್ರಾಮ್ ಮಾಡ್ಸಿ, ಆ ಪೇಪರ್ ಓದೋದು ಕಲೀರಿ

ಇಡೀ ಲೇಖನದಲ್ಲಿ ಒಂದೇ ಒಂದು ನೆನಪಿಟ್ಕೊಳ್ಳಿ ಅಂದ್ರೆ ಇದನ್ನ ಹೇಳ್ತೀನಿ. ಆಡಿಯೋಗ್ರಾಮ್ ಅಂದ್ರೆ ಯಾವ ಕಿವಿಗೆ ಎಷ್ಟು ಕೇಳ್ಸತ್ತೆ ಅಂತ ಅಳೆದು ಕೊಡೋ ರಿಪೋರ್ಟ್. ಮೆಡಿಕಲ್ ಕಾಲೇಜ್ ಆಸ್ಪತ್ರೆಗಳ ಕಿವಿ ಮೂಗು ಗಂಟಲು ವಿಭಾಗದಲ್ಲಿ ಮಾಡ್ತಾರೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, 1965ರದ್ದು, ಕೇಂದ್ರ ಸರ್ಕಾರದ್ದು, ಮೈಸೂರು ಕಡೆಯೋರು ಆಯಿಷ್ ಅಂತಾರೆ, ಕೇಳೋ ಮಾತಾಡೋ ತೊಂದರೆಗೇ ಇರೋ ಜಾಗ. ಸದ್ದಿಲ್ಲದ ರೂಮಲ್ಲಿ ಕೂರಿಸಿ ಹೆಡ್‌ಫೋನ್ ಹಾಕಿ ಸಣ್ಣ ಸಣ್ಣ ಬೀಪ್ ಕೊಡ್ತಾರೆ, ಕೇಳಿಸಿದ ತಕ್ಷಣ ಬಟನ್ ಒತ್ತೋದು. ಆಮೇಲೆ ಕಿವಿ ಹಿಂದಿನ ಮೂಳೆ ಮೇಲೆ ಒಂದು ಚಿಕ್ಕ ಡಬ್ಬಿ ಇಟ್ಟು ಮತ್ತೆ ಅದೇ. ಮಧ್ಯೆ ಚೆನ್ನಾಗಿರೋ ಕಿವಿಗೆ ಜೋರಾಗಿ ಶ್ಶ್ ಅಂತ ಸದ್ದು ಬಿಡ್ತಾರೆ, ಗಾಬರಿ ಬೇಡ, ಒಳ್ಳೇ ಕಿವಿ ಕದ್ದು ಕೇಳ್ಬಾರ್ದು ಅಂತ.

ಪೇಪರಲ್ಲಿ ಕೆಂಪು ಸೊನ್ನೆ ಬಲಗಿವಿ, ನೀಲಿ ಗುಣಾಕಾರ ಚಿಹ್ನೆ ಎಡಗಿವಿ. ಗೆರೆ ಮೇಲಿದ್ದಷ್ಟೂ ಒಳ್ಳೇದು, ಕೆಳಗಿಳಿದಷ್ಟೂ ಕೇಳೋದು ಕಮ್ಮಿ. ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕದಲ್ಲಿ 20 ಡೆಸಿಬಲ್ ಒಳಗಿದ್ರೆ ಸರಿ, 20ರಿಂದ 35 ಅಲ್ಪ, 35ರಿಂದ 50 ಮಧ್ಯಮ, 50ರಿಂದ 65 ಮಧ್ಯಮಕ್ಕಿಂತ ಜಾಸ್ತಿ, ಅಲ್ಲಿಂದ ಮುಂದೆ ತೀವ್ರ. ಗೆರೆ ಎರಡಿರತ್ತೆ, ಗಾಳಿ ಮೂಲಕ ಬಂದಿದ್ದು ಒಂದು, ಮೂಳೆ ಮೂಲಕ ಬಂದಿದ್ದು ಒಂದು. ಮೂಳೆ ಗೆರೆ ಮೇಲೆ, ಗಾಳಿ ಗೆರೆ ಕೆಳಗೆ ಇದ್ರೆ ನಡುವೆ ಇರೋ ಅಂತರಾನೇ ಆಪರೇಷನ್ನಿಂದ ಸಿಗಬಹುದಾದ್ದು. ನನ್ನ ಮೊದ್ಲ ರಿಪೋರ್ಟಲ್ಲಿ ಗಾಳಿದು 48, ಮೂಳೆದು 15, ಅಂದ್ರೆ 33ರ ಆಸೆ. ಮೂಳೆ ಗೆರೆಯೂ ಕೆಳಗಿಳಿದಿದ್ರೆ ಅಷ್ಟು ಒಳಕಿವಿ ನಷ್ಟ, ಅದನ್ನ ಯಾವ ಸರ್ಜನ್ನೂ ವಾಪಸ್ ತರಲ್ಲ. ಆಪರೇಷನ್ ಮುಂಚೆ ಈ ಅಂತರ ಎಷ್ಟು ಅಂತ ಡಾಕ್ಟ್ರ ಹತ್ರ ನೀವೇ ಕೇಳಿ. ನಾನು ಮೊದ್ಲು ತೋರಿಸಿದ ಕಡೆ ಆಡಿಯೋಗ್ರಾಮೇ ಇಲ್ದೆ "ಮುಂದಿನ ವಾರ ಅಡ್ಮಿಟ್ ಆಗಿ" ಅಂದ್ರು, ಎದ್ದು ಬಂದೆ.

ನಾಲ್ಕನೇದು: ಕಿವಿ ಒಣಗಿಸೋದು

ಮೊದ್ಲು ಏನು ಹಾಕ್ಬಾರ್ದು ಅಂತ ಹೇಳ್ಬಿಡ್ತೀನಿ. ಬೆಳ್ಳುಳ್ಳಿ ಕಾಯಿಸಿದ ಎಣ್ಣೆ, ತುಂಬೆ ರಸ, ಎದೆಹಾಲು ಇವೆಲ್ಲ ತಮಟೆ ತೂತಾಗಿರೋ ಕಿವಿಗೆ ಸೀದಾ ಮಧ್ಯಕಿವಿಗೇ ಇಳಿಯತ್ತೆ. ಕೋಳಿ ಪುಕ್ಕ, ಪೊರಕೆ ಕಡ್ಡಿ, ಹೇರ್‌ಪಿನ್ನು, ಬಸ್‌ಸ್ಟ್ಯಾಂಡಲ್ಲಿ ಕಿವಿ ಕ್ಲೀನ್ ಮಾಡೋರು, ಬೇಡವೇ ಬೇಡ. ಅಜ್ಜಿ ಬೇಜಾರು ಮಾಡ್ಕೊಂಡ್ರೆ ಎಣ್ಣೇನ ತಲೆಗೆ ಹಚ್ಚಿಸ್ಕೊಳ್ಳಿ. ಹಳೇ ಬಾಟ್ಲಿ ಡ್ರಾಪ್ಸೂ ಬೇಡ, ಜೆಂಟಾಮೈಸಿನ್, ನಿಯೋಮೈಸಿನ್ ಥರದ ಔಷಧಿ ತೂತಿನಿಂದ ಒಳಕಿವಿಗೆ ಹೋದ್ರೆ ಕೇಳೋ ನರಕ್ಕೇ ತೊಂದ್ರೆ ಕೊಡಬಹುದು, ಅದಕ್ಕೇ ಈಗ ತೂತಿರೋ ಕಿವಿಗೆ ಹೆಚ್ಚಾಗಿ ಸಿಪ್ರೋಫ್ಲಾಕ್ಸಸಿನ್, ಆಫ್ಲಾಕ್ಸಸಿನ್ ಗುಂಪಿನದ್ದೇ ಬರೀತಾರೆ. ಎಷ್ಟು ದಿನ ಅನ್ನೋದು ಡಾಕ್ಟ್ರು ಹೇಳ್ದಂಗೆ. ತಿಂಗಳುಗಟ್ಲೆ ನಾವೇ ಹಾಕ್ಕೊಂಡ್ರೆ ಕಿವೀಲಿ ಫಂಗಸ್ ಬೆಳೆಯತ್ತೆ, ಕಡಿತ ಶುರುವಾಗತ್ತೆ.

ಹಾಕೋ ಕ್ರಮಕ್ಕೆ ಬರೋಣ, ಯಾಕಂದ್ರೆ ಕೀವು ತುಂಬಿರೋ ಕಿವಿಗೆ ಮೇಲಿಂದ ಎರಡು ಹನಿ ಬಿಟ್ರೆ ಅದು ಕೀವಿನ ಮೇಲೇ ತೇಲತ್ತೆ. ಮೊದ್ಲು ಒಗೆದು ಒಣಗಿಸಿದ ಹತ್ತಿ ಬಟ್ಟೆ ಚೂರೋ ಗಟ್ಟಿ ಟಿಶ್ಯೂ ಪೇಪರೋ ತಗೊಂಡು ದೀಪದ ಬತ್ತಿ ಥರ ಹೊಸೆದು, ಕಡ್ಡಿ ಇಲ್ದೆ, ಮೆತ್ತಗೆ ಕಿವಿ ಬಾಯಿಗಿಟ್ಟು ಒಂದರ್ಧ ನಿಮಿಷ ಬಿಡಿ, ಕೀವು ತಾನಾಗೇ ಹೀರ್ಕೊಳ್ಳತ್ತೆ. ತೆಗೆದು ಹೊಸ ಬತ್ತಿ ಇಡಿ, ಒಣಗಿದ ಬತ್ತಿ ಈಚೆ ಬರೋ ತನಕ. ಆಮೇಲೆ ಡ್ರಾಪ್ಸ್ ಬಾಟ್ಲೀನ ಐದು ನಿಮಿಷ ಮುಷ್ಟೀಲಿ ಹಿಡ್ಕೊಳ್ಳಿ, ತಣ್ಣಗಿರೋದು ಹಾಕಿದ್ರೆ ತಲೆ ಸುತ್ತತ್ತೆ, ನಾನೊಂದ್ಸಲ ಫ್ರಿಜ್ಜಿಂದ ತೆಗೆದು ಹಾಕ್ಕೊಂಡು ಗೋಡೆ ಹಿಡ್ಕೊಂಡು ಕೂತಿದ್ದೆ. ಮಗ್ಗುಲಾಗಿ ಮಲಗಿ, ದೊಡ್ಡೋರಿಗೆ ಕಿವೀನ ಮೇಲಕ್ಕೆ ಹಿಂದಕ್ಕೆ, ಚಿಕ್ಕ ಮಕ್ಕಳಿಗೆ ಕೆಳಕ್ಕೆ ಹಿಂದಕ್ಕೆ ಎಳೆದು ಹನಿ ಬಿಡಿ, ಕಿವಿ ತೂತಿನ ಮುಂದೆ ಕೆನ್ನೆ ಕಡೆಗೆ ಒಂದು ಪುಟ್ಟ ಉಬ್ಬು ಇದ್ಯಲ್ಲ, ಅದನ್ನ ನಾಲ್ಕೈದು ಸಲ ಒತ್ತಿ ಬಿಡಿ, ಪಂಪ್ ಹೊಡೆದಂಗೆ. ಐದು ನಿಮಿಷ ಏಳ್ಬೇಡಿ. ಗಂಟಲಲ್ಲಿ ಕಹಿ ಬಂದ್ರೆ ಖುಷಿಪಡಿ, ಔಷಧಿ ತೂತು ದಾಟಿ ಒಳಗೆ ಹೋಗಿದೆ ಅಂತರ್ಥ.

ನೀರಿನ ವಿಷಯ ಎಲ್ಲರೂ ಹೇಳ್ತಾರೆ, ಯಾರೂ ಮಾಡಲ್ಲ. ತಲೆಗೆ ಸ್ನಾನ ಮಾಡೋವಾಗ ಹತ್ತಿ ಉಂಡೆಗೆ ವ್ಯಾಸಲೀನ್ ಮೆತ್ತಿ ಕಿವಿಗಿಡಿ, ಬರೀ ಹತ್ತಿ ಇಟ್ರೆ ಅದೇ ನೀರು ಕುಡ್ಕೊಂಡು ಒಳಗೆ ಬಿಡತ್ತೆ. ಸ್ನಾನ ಆದ ತಕ್ಷಣ ತೆಗೀರಿ. ಕೆರೆ ಬಾವಿ ಕಾಲುವೆ ಈಜು ಬಂದ್. ದೀಪಾವಳಿ ಎಣ್ಣೆ ಸ್ನಾನಕ್ಕೂ ಇದೇ, ಕಿವಿಗೆ ಎಣ್ಣೆ ಬಿಡೋ ಶಾಸ್ತ್ರ ಬಿಟ್ಟು ಮಿಕ್ಕಿದ್ದೆಲ್ಲ ಮಾಡಿ. ನೆಗಡಿ, ಅಲರ್ಜಿ ಇದ್ರೆ ಅದಕ್ಕೂ ಔಷಧಿ ಮಾಡ್ಸಿ, ಮೂಗಿನ ಹಿಂದಿನಿಂದ ಕಿವಿಗೆ ಒಂದು ನಳಿಕೆ ಇದೆ, ಮಕ್ಕಳಲ್ಲಿ ಅದು ಗಿಡ್ಡ, ಅಡ್ಡಡ್ಡಕ್ಕಿರತ್ತೆ, ಅದಕ್ಕೇ ಮಲಗಿಸಿ ಬಾಟ್ಲಿ ಹಾಲು ಕೊಡ್ಬೇಡಿ ಅನ್ನೋದು.

ಐದನೇದು: ಆಪರೇಷನ್

ಬರೀ ತೂತಾದ್ರೆ ಕಿವಿ ಮೇಲಿನ ಸ್ನಾಯುವಿನ ತೆಳು ಪೊರೆ ತೆಗೆದು ತಮಟೆಗೆ ತೇಪೆ ಹಾಕ್ತಾರೆ, ಟಿಂಪನೋಪ್ಲಾಸ್ಟಿ. ಮೂಳೆ ಹೋಗಿದ್ರೆ ಅದರ ಜಾಗಕ್ಕೆ ಬೇರೆ ಕೂರಿಸ್ತಾರೆ. ಕೊಲೆಸ್ಟಿಯಟೋಮಾ ಇದ್ರೆ ಕಿವಿ ಹಿಂದಿನ ಮೂಳೆ ಕೊರೆದು ಚೀಲ ತೆಗೀಬೇಕು, ಅಲ್ಲಿ ಮೊದ್ಲ ಗುರಿ ಅಪಾಯ ತಪ್ಪಿಸೋದು, ಕೇಳ್ಸೋದು ಎರಡನೇ ಮಾತು, ಕೆಲವೊಮ್ಮೆ ಮುಂಚೆಗಿಂತ ಕಮ್ಮೀನೂ ಆಗತ್ತೆ. ಇದನ್ನ ಮೊದ್ಲೇ ಕೂತು ಮಾತಾಡ್ಕೊಳ್ಳಿ, ಆಮೇಲೆ ಜಗಳ ಬೇಡ. ಬಿಪಿಎಲ್ ಕಾರ್ಡ್ ಇರೋರು ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬರತ್ತಾ ಅಂತ ಸರ್ಕಾರಿ ಆಸ್ಪತ್ರೆ ಕೌಂಟರಲ್ಲಿ ಮೊದ್ಲೇ ಕೇಳ್ಕೊಳ್ಳಿ.

ಆಪರೇಷನ್ ಆದ ಮೇಲೆ ಕೆಲವು ವಾರ ಕಿವೀಲಿ ಪ್ಯಾಕ್ ಇರತ್ತೆ, ಏನೂ ಕೇಳ್ಸಲ್ಲ, ಫೇಲಾಯ್ತು ಅಂತ ಅಳ್ಬೇಡಿ. ಮೂಗು ಜೋರಾಗಿ ಸೀಟೋ ಹಾಗಿಲ್ಲ, ಸೀನು ಬಂದ್ರೆ ಬಾಯಿ ತೆಗೆದೇ ಸೀನಬೇಕು, ಭಾರ ಎತ್ತೋ ಹಾಗಿಲ್ಲ. ನಾಲಿಗೆಯ ಒಂದು ಕಡೆ ರುಚಿ ಒಂಥರಾ ಲೋಹದ ಥರ ಆಗಬಹುದು, ರುಚಿ ನರ ಮಧ್ಯಕಿವಿಯಲ್ಲೇ ಹಾದು ಹೋಗೋದ್ರಿಂದ, ನನಗೆ ಎರಡು ತಿಂಗಳು ಕಾಫಿ ಸೇರ್ಲಿಲ್ಲ. ಮೂರು ತಿಂಗಳಿಗೆ ಮತ್ತೆ ಆಡಿಯೋಗ್ರಾಮ್: ನಂದು 48 ಇದ್ದಿದ್ದು 26ಕ್ಕೆ ಬಂತು. 15ಕ್ಕೆ ಬರ್ಲಿಲ್ಲ. ತೇಪೆ ಕೂತ್ಕೊಳ್ಳೋದು ಬೇರೆ, ಪೂರ್ತಿ ಕೇಳ್ಸೋದು ಬೇರೆ.

ಆರನೇದು: ಮಿಷನ್

ಸೋರ್ತಿರೋ ಕಿವಿಗೆ ಮಾಮೂಲಿ ಹಿಯರಿಂಗ್ ಏಡ್ ಹಾಕಿ ಬಿರಡೆ ಬಿಗಿದ್ರೆ ಒಳಗೆ ಗಾಳಿ ಆಡದೇ ಇನ್ನೂ ಸೋರತ್ತೆ. ಒಣಗಿದ ಮೇಲೆ, ಗಾಳಿ ತೂತಿರೋ ಮೋಲ್ಡ್ (ಕಿವಿ ಅಳತೆಗೆ ಮಾಡೋ ಬಿರಡೆ) ಮಾಡಿಸ್ಕೊಳ್ಳಿ. ಒಣಗೋದೇ ಇಲ್ಲ ಅಂದ್ರೆ ಮೂಳೆ ಮೂಲಕ ಶಬ್ದ ಕಳಿಸೋ ಮಿಷನ್ ಇದೆ, ತಲೆಗೆ ಬ್ಯಾಂಡ್ ಥರ ಹಾಕೋದು, ಇಲ್ಲಾ ಮೂಳೆಗೇ ಸ್ಕ್ರೂ ಕೂರಿಸೋದು, ಮೂಳೆ ಗೆರೆ ಚೆನ್ನಾಗಿರೋರಿಗೆ ಇದು ತುಂಬಾ ಹೊಂದತ್ತೆ. ಆದಾಯ ಕಮ್ಮಿ ಇರೋರಿಗೆ ಕೇಂದ್ರದ ಎಡಿಪ್ ಯೋಜನೆಯಲ್ಲಿ ಮಿಷನ್ ಸಿಗತ್ತೆ. ಅಂಗವಿಕಲರ ಕಾರ್ಡ್ ಬಗ್ಗೆ ಕೇಳೋರಿಗೆ: 2016ರ ಕಾಯ್ದೆ ಪ್ರಕಾರ ಎರಡೂ ಕಿವೀಲಿ 60 ಡೆಸಿಬಲ್ ಮೇಲೆ ಹೋಗಿರ್ಬೇಕು, ಒಂದೇ ಕಿವಿ ಹೋದ ನನ್ನಂಥೋರು ಅಲೆಯೋದು ದಂಡ.

ಒಂದೇ ಕಿವಿಯೋರಿಗೆ ಇನ್ನೊಂದು ಕಷ್ಟ, ಶಬ್ದ ಯಾವ ಕಡೆಯಿಂದ ಬಂತು ಅಂತ ಗೊತ್ತಾಗಲ್ಲ, ಅದಕ್ಕೆ ಎರಡೂ ಕಿವಿ ಬೇಕು. ರೋಡ್ ದಾಟೋವಾಗ ಹಾರ್ನ್ ನಂಬಬೇಡಿ, ಕತ್ತು ತಿರುಗಿಸಿ ನೋಡಿ. ಕ್ಲಾಸಲ್ಲಿ ಮಗೂನ ಮುಂದಿನ ಬೆಂಚಲ್ಲಿ, ಒಳ್ಳೇ ಕಿವಿ ಟೀಚರ್ ಕಡೆ ಬರೋ ಹಾಗೆ ಕೂರಿಸಕ್ಕೆ ಹೇಳಿ. ಮನೆಯೋರು ಅಡುಗೆಮನೆಯಿಂದ ಕುಕ್ಕರ್ ಸೀಟಿ ಮಧ್ಯೆ ಕೂಗೋ ಬದಲು ಎದುರಿಗೆ ಬಂದು ಮಾತಾಡ್ಲಿ.

ಕೊನೇಗೆ ಫೈಲ್. ಆಡಿಯೋಗ್ರಾಮ್ ಎಲ್ಲಾ ತಾರೀಖಿನ ಪ್ರಕಾರ ಒಂದು ಫೈಲಲ್ಲಿ ಹಾಕಿಡಿ, ಮೊಬೈಲಲ್ಲೂ ಫೋಟೋ ತೆಗೆದಿಡಿ, ಹೊಸ ಡಾಕ್ಟ್ರು ಮೊದ್ಲು ಕೇಳೋದೇ "ಹಳೇದು ಇದ್ಯಾ" ಅಂತ. ವರ್ಷಕ್ಕೊಂದ್ಸಲ ಮಾಡ್ಸಿ, ಮೂಳೆ ಗೆರೆ ಇಳೀತಿದ್ಯಾ ಅಂತ ಹೋದ ವರ್ಷದ ಪೇಪರ್ ಪಕ್ಕದಲ್ಲಿಟ್ಟು ನೋಡಿ. ನೆಗಡಿ ಇದ್ದಾಗ ಮಾತ್ರ ಹೋಗ್ಬೇಡಿ, ಹೋದ ಜುಲೈಲಿ ಮಳೇಲಿ ನೆನೆದು ಮೂಗು ಕಟ್ಟಿದ್ದಾಗ್ಲೇ ಹೋಗಿ 38 ಬಂದು ಒಂದು ತಿಂಗಳು ನಿದ್ದೆಗೆಟ್ಟೆ. ಆಮೇಲೆ ಮಾಡ್ಸಿದ್ರೆ 27.